ರೆಂಪಲ್ಲನ ಹೊಂಡದ ಸುತ್ತು

ನೆಟ್ಟಿ ಹಾರ್ಡರ್ ಮದುವೆಯಾಗಿ ಬಂದಮೇಲೆ ಗಂಡನ ಮಾತಿಗೆ ಎದುರಾಡಿದ್ದು ಒಂದೇ ಸಲ, ಅದೂ ಮಗನಿಗೆ ಹೆಸರಿಡುವಾಗ. ಗಂಡ ಕೊರ್ನಿ ತನ್ನ ತಂದೆಯ ಹೆಸರು ಅಬ್ರಾಮ್ ಎಂದೇ ಇಡಬೇಕೆಂದಿದ್ದ. ಎರಡು ಬಸಿರು ಕಳೆದುಕೊಂಡು ಮೂರನೆಯದನ್ನು ಉಳಿಸಿಕೊಂಡಿದ್ದ ನೆಟ್ಟಿ, ಹಾಸಿಗೆಯಲ್ಲಿ ಮಲಗಿದ್ದಂತೆಯೇ, "ಇವನು ರೂಬೆನ್" ಎಂದಳು. ಕೊರ್ನಿ ಕೂಸಿನ ಮುಖ ನೋಡಿ ನಕ್ಕು ಸುಮ್ಮನಾದ. ಆಮೇಲಿನ ಹದಿನೇಳು ವರ್ಷ ಅವಳಿಗೆ ಎದುರಾಡುವ ಅಗತ್ಯವೂ ಬೀಳಲಿಲ್ಲ. ಕೊರ್ನಿ ಕುಡಿಯುವವನಲ್ಲ, ಹೊಡೆಯುವವನಲ್ಲ. ಐಖನ್‌ಫೆಲ್ಡ್ ಊರಿನ ಮನೆಗಳನ್ನು ಬೆಚ್ಚಗಿಡುವ ಫರ್ನೇಸು ಕೆಟ್ಟರೆ ಎಂಥ ಹಿಮಗಾಳಿಯಲ್ಲೂ ರಿಪೇರಿಗೆ ವ್ಯಾನು ಹತ್ತಿ ಹೋಗುತ್ತಿದ್ದ. ನೆಟ್ಟಿ ಮುಖ್ಯರಸ್ತೆಯ ಮಾಂಸದಂಗಡಿಯಲ್ಲಿ ಹೊಗೆ ಹಾಕಿದ ಸಾಸೇಜು ತೂಗಿ, ಕಾಗದದಲ್ಲಿ ಸುತ್ತಿ ಕೊಡುವ ಕೆಲಸ ಮಾಡುತ್ತಿದ್ದಳು. ಮ್ಯಾನಿಟೋಬಾದ ಆ ಬಯಲಿನಲ್ಲಿ ಹುಟ್ಟಿ, ಅಲ್ಲೇ ಹಸು ಕರೆದು, ಅಲ್ಲೇ ದೀಕ್ಷಾಸ್ನಾನ ಪಡೆದು, ಅದೇ ಮೆನೊನೈಟ್ ಪಂಗಡದ ಚರ್ಚಿನ ಬೆಂಚಿನಲ್ಲಿ ಕೂತು ನಡುವಯಸ್ಸಿಗೆ ಬಂದವಳು. ಬೇರೆ ಜಗತ್ತು ಬೇಕೆಂದು ಅವಳಿಗೆ ಅನಿಸಿದ್ದೇ ಇಲ್ಲ.

ನವೆಂಬರಿನ ಒಂದು ಭಾನುವಾರ, ಚರ್ಚು ಮುಗಿಸಿ ಬಂದು ಮಧ್ಯಾಹ್ನದ ನಿದ್ದೆ ಮಾಡಿ ಎದ್ದು, ಮೂವರೂ ಬನ್ನು, ಗಿಣ್ಣು, ಪ್ಲಮ್ ಹಣ್ಣಿನ ಜ್ಯಾಮು ಇಟ್ಟುಕೊಂಡು ಕೂತಿದ್ದರು. ಕೊರ್ನಿ ಯಾವುದೋ ಹುಡುಗಿಯ ವಿಷಯ ತೆಗೆದು ತಮಾಷೆ ಮಾಡಿದ. ರೂಬೆನ್ ಚಾಕುವನ್ನು ತಟ್ಟೆಯ ಮೇಲಿಟ್ಟ.

"ಅಪ್ಪ, ನಂಗೆ ಹುಡುಗೀರು ಬೇಕಿಲ್ಲ. ಯಾವತ್ತೂ ಬೇಕಿರಲಿಲ್ಲ. ನಾನು ಗೇ."

ಕೊರ್ನಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ನೆಟ್ಟಿಗೆ ಎಷ್ಟೋ ಸಲ ಅನಿಸಿತು. ಅವನು ಬಾಯಿ ಒರೆಸಿಕೊಂಡು ಮೆಲ್ಲಗೆ ಕೇಳಿದ, "ಯಾರು ತಲೆಗೆ ತುಂಬಿದ್ರು ಇದನ್ನ?"

"ಯಾರೂ ತುಂಬಿಲ್ಲ."

"ಪಾದ್ರಿ ಹತ್ರ ಹೋಗೋಣ. ಅವರು ಹೇಳ್ದಂಗೆ ಕೇಳು. ಸರಿಹೋಗುತ್ತೆ."

"ಸರಿಹೋಗೋದು ಏನಿಲ್ಲಪ್ಪ ಇದ್ರಲ್ಲಿ."

"ಹಾಗಾದ್ರೆ ಈ ಮನೇಲಿ ನಿನಗೆ ಜಾಗ ಇಲ್ಲ. ದಾರಿ ಸರಿ ಮಾಡ್ಕೊಂಡು ಬಾ. ಬಾಗಿಲು ತೆಗೀತೀನಿ."

ರೂಬೆನ್ ತಾಯಿಯ ಕಡೆ ನೋಡಿದ. ನೆಟ್ಟಿಯ ಕೈಯಲ್ಲಿ ಬನ್ನಿನ ಬುಟ್ಟಿಯಿತ್ತು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಎರಡು ದಿನಕ್ಕೆ ಕೋಪ ಇಳಿಯುತ್ತದೆ, ಆಗ ಮಾತಾಡಿದರಾಯಿತು ಎಂದುಕೊಂಡಳು. ಹುಡುಗ ಐಸ್ ಹಾಕಿ ಆಟದ ಚೀಲಕ್ಕೆ ಬಟ್ಟೆ ತುಂಬಿಕೊಂಡು, ಸ್ಕೇಟನ್ನು ಹೆಗಲಿಗೆ ನೇತುಹಾಕಿಕೊಂಡು ಹೊರಟುಹೋದ.

ಕೋಪವಾಗಿದ್ದರೆ ಇಳಿಯುತ್ತಿತ್ತು. ಕೊರ್ನಿಯದು ಕೋಪವಲ್ಲ, ಭಯ. ಅದು ದಿನದಿನಕ್ಕೆ ಗಟ್ಟಿಯಾಯಿತು.

ಮೊದಮೊದಲು ರೂಬೆನ್ ಗೆಳೆಯರ ಮನೆಗಳ ನೆಲಮಾಳಿಗೆಯಲ್ಲಿ ಮಲಗುತ್ತಿದ್ದ. ಒಂದೊಂದೇ ಮನೆಯ ತಾಯ್ತಂದೆಯರಿಗೆ ವಿಷಯ ತಿಳಿಯಿತು. ಒಂದೊಂದೇ ಮನೆಯಲ್ಲಿ "ನೆಂಟರು ಬರ್ತಿದ್ದಾರೆ ಕಣಪ್ಪ" ಎಂದರು. ಅವನ ಸಹಪಾಠಿ ಡಾರ್ಸಿ ಪ್ಲೆಟ್ ಎಂಬ ಹುಡುಗಿಯ ಕೈಯಲ್ಲಿ ನೆಟ್ಟಿ ಸಾಸೇಜು, ಬನ್ನು, ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದಳು. ಡಾರ್ಸಿ ಶಾಲೆಯಲ್ಲಿ ಇಂಥ ಮಕ್ಕಳಿಗೆಂದು ಕಾಮನಬಿಲ್ಲು ಕೂಟ ಕಟ್ಟಿದ್ದವಳು. ಗಟ್ಟಿ ಬಾಯಿ, ಕತ್ತರಿಸಿದ ಕೂದಲು, ಯಾರನ್ನಾದರೂ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಅಭ್ಯಾಸ. ಅಂಗಡಿಯ ಹಿಂಬಾಗಿಲಲ್ಲಿ ಪೊಟ್ಟಣ ಇಸಿದುಕೊಳ್ಳುವಾಗಲೆಲ್ಲ ಅವಳು ಏನೋ ಕೇಳುವಂತೆ ನಿಲ್ಲುತ್ತಿದ್ದಳು. ನೆಟ್ಟಿ ಬಾಗಿಲು ಮುಚ್ಚುತ್ತಿದ್ದಳು.

ಜನವರಿಯಲ್ಲಿ ಚಳಿ ಕಚ್ಚತೊಡಗಿತು. ಮೈನಸ್ ಮೂವತ್ತೈದು, ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಗಡ್ಡೆ. ಒಂದು ಬೆಳಗ್ಗೆ ಡಾರ್ಸಿ ಹಿಂಬಾಗಿಲಿಗೆ ಬರದೆ ಮುಂಬಾಗಿಲಿಂದಲೇ ಓಡಿಬಂದಳು.

"ಮಿಸೆಸ್ ಹಾರ್ಡರ್, ರೂಬೆನ್ ನಿಮ್ಮನೇಲಿದ್ದಾನಾ?"

"ನಮ್ಮನೇಲಾ? ಇಲ್ವಲ್ಲ."

"ಮೊನ್ನೆಯಿಂದ ಸ್ಕೂಲಿಗೆ ಬಂದಿಲ್ಲ. ಫೋನೂ ಸತ್ತಿದೆ. ಐಸ್ ಮೈದಾನದ ಬಟ್ಟೆ ಬದಲಾಯಿಸೋ ಕೋಣೇಲಿ ಮಲಗ್ತಿದ್ದ. ಅಲ್ಲಿ ಈಗ ಬೀಗ ಹಾಕಿದ್ದಾರೆ."

ನೆಟ್ಟಿ ಏಪ್ರನ್ ಬಿಚ್ಚದೆಯೇ ಕಾರು ಹತ್ತಿದಳು. ಬಟ್ಟೆ ಒಗೆಯುವ ಅಂಗಡಿ, ಧಾನ್ಯದ ಗೋದಾಮು, ಚರ್ಚಿನ ಹಿಂದಿನ ಸೌದೆ ಕೊಟ್ಟಿಗೆ, ಗ್ರಂಥಾಲಯದ ಶೌಚಾಲಯ, ಒಂದನ್ನೂ ಬಿಡಲಿಲ್ಲ. ಕಂಡವರನ್ನೆಲ್ಲ ಕೇಳಿದಳು. ಕೆಲವರು ಮರುಗಿದರು. ಒಬ್ಬಾಕೆ, "ಹೊತ್ತು ಗೊತ್ತಿಲ್ಲದ ವಯಸ್ಸು, ಸಿಟಿಗೆ ಓಡಿಹೋಗಿರ್ತಾನೆ ಬಿಡು" ಎಂದಳು. ನೆಟ್ಟಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಜೊತೆಗೇ, ಆ ಮಾತೇ ನಿಜವಾಗಲಪ್ಪಾ ದೇವರೇ, ಸಿಟಿಗೇ ಹೋಗಿರಲಿ ಎಂದೂ ಬೇಡಿಕೊಂಡಳು.

ಹುಡುಗ ಸಿಕ್ಕಿದ್ದು ಊರಾಚೆಯ ಇಸಾಕ್ ರೆಂಪಲ್ಲನ ಹುಲ್ಲಿನ ಕೊಟ್ಟಿಗೆಯಲ್ಲಿ. ಹೆಂಡತಿ ಸತ್ತ ಮೇಲೆ ಮುದುಕ ಚರ್ಚಿಗೂ ಬಾರದೆ ಹತ್ತಾರು ದನ ಇಟ್ಟುಕೊಂಡು ಒಬ್ಬನೇ ಇದ್ದ. ದನಕ್ಕೆ ಮೇವು ತೆಗೆಯಲು ಹೋದವನಿಗೆ ಬೂಟು ಕಂಡಿತಂತೆ. ಹುಡುಗ ಕೋಟು ಬಿಚ್ಚಿ ಮಡಚಿ ಪಕ್ಕಕ್ಕಿಟ್ಟಿದ್ದ. ಇಸಾಕ್ ಅದನ್ನು ಆಸ್ಪತ್ರೆಯ ಹಜಾರದಲ್ಲಿ ನೆಟ್ಟಿಗೆ ಹೇಳಿ, ಟೋಪಿ ಹಾಕಿಕೊಂಡು ಹೊರಗೆ ಹೋದ. ಅಂಥ ಚಳಿಯಲ್ಲಿ ತಾನಾಗಿ ಕೋಟು ಬಿಚ್ಚಿ ಮಡಚಿಡುವವನು ಮತ್ತೆ ಏಳುವ ಯೋಚನೆಯಲ್ಲಿ ಮಲಗಿರುವುದಿಲ್ಲವೆಂದು ಆ ಸೀಮೆಯಲ್ಲಿ ಹುಟ್ಟಿದವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ವಾರ್ಡಿನ ಬಾಗಿಲು ತಳ್ಳಿದಳು.

ಹಾಸಿಗೆಯ ಮೇಲೆ ರೂಬೆನ್ ಎರಡು ಕೈಗೂ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದ. ಕಿವಿಗಳು ಕಪ್ಪಗೆ ಊದಿದ್ದವು.

"ಅಪ್ಪ ಕರೆದ್ನಾ?" ಎಂದು ಕೇಳಿದ.

ನೆಟ್ಟಿಗೆ ಸುಳ್ಳು ಬಾಯಿಗೆ ಬಂತು, ಆದರೆ ಹೊರಗೆ ಬರಲಿಲ್ಲ.

"ಹಾಗಾದ್ರೆ ನೀನ್ಯಾಕೆ ಬಂದೆ?"

"ನೋಡೋಕೆ ಬಂದೆ ಮಗಾ."

"ನೋಡಿದ್ಯಲ್ಲ." ಅವನು ಗೋಡೆಯ ಕಡೆ ತಿರುಗಿದ.

ಆಸ್ಪತ್ರೆಯಿಂದ ಬಿಟ್ಟಾಗ ಅವನನ್ನು ಇಸಾಕ್ ರೆಂಪಲ್ಲನೇ ತನ್ನ ಮನೆಗೆ ಕರೆದುಕೊಂಡು ಹೋದ. "ನನ್ನ ಕೊಟ್ಟಿಗೇಲಿ ಸಿಕ್ಕಿದ್ದು ನಂದೇ" ಎಂದನಂತೆ. ನೆಟ್ಟಿ ಮನೆಗೆ ಬಂದು ಕೊರ್ನಿಗೆ ಎಲ್ಲ ಹೇಳಿದಳು, ಕೋಟಿನ ವಿಷಯವನ್ನೂ ಹೇಳಿದಳು. ಅವನು ಕೆಲಸದ ಕೈಗವಸನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಎದ್ದುಹೋಗಿ ಮಂಡಿಯೂರಿ ಪ್ರಾರ್ಥನೆಗೆ ಕೂತ. ಬಾಗಿಲನ್ನು ಮಾತ್ರ ತೆಗೆಯಲಿಲ್ಲ.

ಡಾರ್ಸಿಯ ಕೂಟದ ಮಕ್ಕಳು ಆ ವಾರವೇ ಚಂದಾ ಎತ್ತುವ ಯೋಚನೆಗೆ ಕೈಹಾಕಿದರು. ವಿನಿಪೆಗ್ ಸಿಟಿಯಲ್ಲಿ ಮನೆಯಿಂದ ಹೊರಹಾಕಿಸಿಕೊಂಡ ಇಂಥ ಮಕ್ಕಳಿಗೆಂದೇ ಒಂದು ಮನೆಯಿತ್ತು. ಹಾಸಿಗೆಗಳು ಕಡಿಮೆ, ಕಾಯುವವರು ಬಹಳ. ತಮ್ಮ ಸೀಮೆಯ ಮಕ್ಕಳಿಗೆ ಅಲ್ಲಿ ಒಂದಾದರೂ ಹಾಸಿಗೆ ಖಾಯಂ ಇರಬೇಕೆಂಬುದು ಅವರ ಹಟ. ಒಂದು ಶನಿವಾರ ಇಡೀ ದಿನ ಐಸಿನ ಮೇಲೆ ಸ್ಕೇಟಿನಲ್ಲಿ ಸುತ್ತು ಹಾಕುವುದು, ಒಂದು ಸುತ್ತಿಗೆ ಇಷ್ಟು ದುಡ್ಡು ಎಂದು ಊರವರಿಂದ ಮಾತು ತೆಗೆದುಕೊಳ್ಳುವುದು. ಕ್ಯಾನ್ಸರ್ ಆಸ್ಪತ್ರೆಗೂ ಊರಿನ ಐಸ್ ಹಾಕಿ ತಂಡಕ್ಕೂ ಹಾಗೆಯೇ ಎತ್ತುವುದು ಅಲ್ಲಿ ರೂಢಿ. ಆದರೆ ಇದಕ್ಕೆ ಮೈದಾನದ ಕಮಿಟಿ, "ನಾವು ಯಾರ ಪಕ್ಷಾನೂ ವಹಿಸಲ್ಲ" ಎಂದು ಬಾಗಿಲು ಹಾಕಿತು. ಅಂಟಿಸಿದ ಭಿತ್ತಿಪತ್ರಗಳು ಸಂಜೆಯೊಳಗೆ ಮಾಯವಾದವು. ಕೂಟದ ಇಬ್ಬರು ಮಕ್ಕಳನ್ನು ಮನೆಯವರೇ ಬಿಡಿಸಿದರು.

ಆಗ ಇಸಾಕ್ ರೆಂಪಲ್ ಅಂದನಂತೆ, "ನಮ್ಮ ದನಕ್ಕೆ ನೀರು ಕುಡಿಸೋ ಹೊಂಡ ಇದೆಯಲ್ಲ, ಗಟ್ಟಿಯಾಗಿ ಹೆಪ್ಪುಗಟ್ಟಿದೆ. ಅದಕ್ಯಾವ ಕಮಿಟಿ? ನನ್ನ ಹಸುಗಳನ್ನ ಕೇಳ್ಕೊಂಡು ಬರ್ತೀನಿ ಇರ್ರಿ."

ಮಾರ್ಚಿ ತಿಂಗಳ ಮೊದಲಲ್ಲಿ ಡಾರ್ಸಿ ಮಾಂಸದಂಗಡಿಗೆ ಬಂದಳು. ಶುಕ್ರವಾರ, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರತಿಯಲ್ಲಿ ನಿಂತು, ತನ್ನ ಸರದಿ ಬಂದಾಗ ಸಾಸೇಜು ಕೇಳಲಿಲ್ಲ.

"ಮಿಸೆಸ್ ಹಾರ್ಡರ್, ನಾಳೆ ಸುತ್ತು ಹಾಕ್ತಿದ್ದೀವಿ. ನೀವು ಸುತ್ತಿಗೆ ಎಷ್ಟು ಕೊಡ್ತೀರ?"

ಕಸಾಯಿಯ ಗರಗಸವೂ ಆ ಕ್ಷಣಕ್ಕೇ ನಿಂತಿತು. ಸರತಿಯಲ್ಲಿದ್ದ ಹೆಂಗಸರೆಲ್ಲ ನೆಟ್ಟಿಯ ಮುಖ ನೋಡಿದರು. ಅವಳಿಗೆ ಆ ಹುಡುಗಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹಿಂಬಾಗಿಲಿಗೆ ಬಂದು ಕೇಳಬಹುದಿತ್ತಲ್ಲ ಪಿಶಾಚಿ, ಎಂದುಕೊಂಡಳು. ಹಿಂಬಾಗಿಲಿಗೆ ಬಂದಿದ್ದರೆ ತಾನು ಏನು ಮಾಡುತ್ತಿದ್ದೆ ಎಂಬುದೂ ಅವಳಿಗೆ ಗೊತ್ತಿತ್ತು.

"ಐವತ್ತು ಸೆಂಟು," ಎಂದಳು. ದನಿ ತನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು, "ಸುತ್ತಿಗೆ ಐವತ್ತು ಸೆಂಟು."

"ಯಾರ ಸುತ್ತಿಗೆ ಅಂತ ಬರ್ಕೊಳ್ಲಿ?"

"ನನ್ನ ಮಗನ ಸುತ್ತಿಗೆ."

ಮುಂದೆ ನಿಂತಿದ್ದ ಹೆಂಗಸು, ನೆಟ್ಟಿಯ ಜೊತೆ ಚಿಕ್ಕಂದಿನಿಂದ ಚರ್ಚಿನಲ್ಲಿ ಹಾಡುತ್ತಿದ್ದವಳು, ಕಟ್ಟಿಸಿಕೊಂಡ ಪೊಟ್ಟಣವನ್ನು ಗಾಜಿನ ಮೇಲೆ ಮೆಲ್ಲಗೆ ವಾಪಸ್ ಇಟ್ಟು ಹೊರಗೆ ನಡೆದಳು. ನೆಟ್ಟಿ ಆ ಪೊಟ್ಟಣ ಬಿಚ್ಚಿ, ಸಾಸೇಜನ್ನು ತಟ್ಟೆಗೆ ಹಾಕಿ, ಮುಂದಿನವರ ಮುಖ ನೋಡಿ, "ಏನು ಕೊಡ್ಲಿ?" ಎಂದಳು.

ಸಂಜೆ ಊಟಕ್ಕೆ ಕೂರುವ ಹೊತ್ತಿಗೆ ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು.

"ಅಂಗಡೀಲಿ ಏನೋ ಹೇಳಿದೆಯಂತೆ," ಎಂದ ಕೊರ್ನಿ.

"ಹೇಳ್ದೆ."

"ಆ ದುಡ್ಡು ಯಾವುದಕ್ಕೆ ಹೋಗುತ್ತೆ ಗೊತ್ತಾ ನಿಂಗೆ?"

"ಗೊತ್ತು. ಅಪ್ಪ ಅಮ್ಮ ಹೊರಗೆ ಹಾಕಿದ ಮಕ್ಕಳು ಮಲಗೋ ಹಾಸಿಗೆಗೆ."

"ನಾನು ಹೊರಗೆ ಹಾಕಿಲ್ಲ. ದಾರಿ ಸರಿ ಮಾಡ್ಕೊಂಡು ಬಾ ಅಂದಿದ್ದು."

"ಊರೋರ ಮನೆಯೆಲ್ಲ ಬೆಚ್ಚಗೆ ಮಾಡಿ ಬರ್ತೀಯ ಕೊರ್ನಿ. ನಿನ್ನ ಮಗ ಹುಲ್ಲಲ್ಲಿ ಮರಗಟ್ಟಿ ಬಿದ್ದಿದ್ದ."

ಕೊರ್ನಿಯ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. ಹಣೆಯನ್ನು ಮೇಜಿಗೆ ಹಚ್ಚಿದ. "ಅವನು ನನಗೂ ಮಗ ಕಣೇ. ದಿನಾ ಬೆಳಗ್ಗೆ ಮಂಡಿಯೂರಿ ಅವನ ಹೆಸರೇ ಹೇಳೋದು ನಾನು. ಅವನು ನರಕಕ್ಕೆ ಹೋದ್ರೆ ನಾನು ಯಾವ ಮುಖ ಇಟ್ಕೊಂಡು ಸ್ವರ್ಗಕ್ಕೆ ಹೋಗ್ಲಿ?"

"ಈಗ ಅವನು ಎಲ್ಲಿದ್ದಾನೆ ಅಂತ ತಿಳ್ಕೊಂಡಿದ್ದೀಯ?" ಎಂದಳು ನೆಟ್ಟಿ.

ಬೆಳಗ್ಗೆ ಎದ್ದು ನೋಡಿದರೆ ಮೊಳೆಯಲ್ಲಿ ಕಾರಿನ ಕೀಲಿ ಇರಲಿಲ್ಲ. ಕೊರ್ನಿಯೂ ಇರಲಿಲ್ಲ. ಕೀಲಿಯನ್ನು ಜೇಬಿಗೆ ಹಾಕಿಕೊಂಡು, ವ್ಯಾನಿನಲ್ಲಿ ಯಾರದೋ ಮನೆಯ ಫರ್ನೇಸಿಗೆ ಹೋಗಿದ್ದ.

ನೆಟ್ಟಿ ರೆಂಪಲ್ಲನ ಹೊಂಡಕ್ಕೆ ನಡೆದೇ ಹೊರಟಳು. ಗೆರೆ ಎಳೆದಂಥ ನೇರ ರಸ್ತೆ, ಎರಡೂ ಕಡೆ ಹಿಮ ಹೊದ್ದ ಹೊಲ, ತಡೆಯಲು ಒಂದು ಮರವಿಲ್ಲದ ಗಾಳಿ. ಅರ್ಧ ದಾರಿಗೆ ರೆಪ್ಪೆಗಳು ಅಂಟತೊಡಗಿದವು. ಪರಿಚಯದ ಕಾರುಗಳು ಎರಡು ಮೂರು ದಾಟಿಹೋದವು. ಒಂದು ನಿಧಾನ ಮಾಡಿತು, ನಿಲ್ಲಲಿಲ್ಲ. ಅವಳು ದಾರಿಯುದ್ದಕ್ಕೂ ಮಗನಿಗೆ ಹೇಳಬೇಕಾದ ಮಾತನ್ನು ಜೋಡಿಸುತ್ತ ಹೋದಳು. ಜೋಡಿಸಿದ್ದೆಲ್ಲ ಬಾಯಲ್ಲೇ ಒಡೆದುಹೋಗುತ್ತಿತ್ತು.

ಹೊಂಡದ ಬಳಿ ಜಾತ್ರೆಯೇನೂ ಸೇರಿರಲಿಲ್ಲ. ಹತ್ತು ಹನ್ನೆರಡು ಮಕ್ಕಳು, ಸಿಟಿಯ ಆ ಮಕ್ಕಳ ಮನೆಯಿಂದ ಬಂದ ಒಬ್ಬ ಹೆಂಗಸು, ಉರಿಯುವ ಪೀಪಾಯಿಗೆ ಸೌದೆ ಹಾಕುತ್ತಿದ್ದ ಇಸಾಕ್, ಅಷ್ಟೆ. ಬಿಸಿ ಚಾಕಲೇಟು ಮಾಡಿಟ್ಟಿದ್ದ ಪಾತ್ರೆ ಹಾಗೇ ತುಂಬಿತ್ತು. ಬರುತ್ತೇವೆಂದಿದ್ದವರು ಬಂದಿರಲಿಲ್ಲ. ಕೊಡುತ್ತೇವೆಂದಿದ್ದವರಲ್ಲಿ ಅರ್ಧ ಜನ ಬೆಳಗ್ಗೆಯೇ ಫೋನು ಮಾಡಿ ಬೇಡವೆಂದಿದ್ದರು. ಡಾರ್ಸಿಯ ಕಣ್ಣು ಅತ್ತು ಕೆಂಪಾಗಿತ್ತು. ರಸ್ತೆಯಲ್ಲಿ ಒಂದು ಟ್ರಕ್ಕು ಹಾರನ್ ಒತ್ತುತ್ತ ಆಚೀಚೆ ಓಡಾಡಿ, ಕಿಟಕಿ ಇಳಿಸಿ, "ಮನೆಗೆ ಹೋಗ್ರೋ!" ಎಂದು ಕಿರುಚಿ ಹೋಯಿತು.

"ಮನೆ ಇದ್ದಿದ್ರೆ ಹೋಗ್ತಿದ್ರು ಕಣೋ ಮುಟ್ಠಾಳ," ಎಂದು ಇಸಾಕ್ ಅದರ ಹಿಂದೆ ಕೂಗಿದ.

ರೂಬೆನ್ ಸುತ್ತುತ್ತಿದ್ದ. ಉಳಿದ ಮಕ್ಕಳು ಸುತ್ತಿ, ದಣಿದು, ಬೆಂಕಿಯ ಹತ್ತಿರ ಬಂದು ಹೋಗುತ್ತಿದ್ದರು. ಅವನು ಬರುತ್ತಿರಲಿಲ್ಲ. ತಲೆ ತಗ್ಗಿಸಿ, ಬ್ಯಾಂಡೇಜಿನ ಮೇಲೆ ಇಸಾಕನ ದೊಡ್ಡ ಗವಸು ಹಾಕಿಕೊಂಡು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂಬಂತೆ ಸುತ್ತುತ್ತಿದ್ದ. ನೆಟ್ಟಿ ಹೊಂಡದ ಅಂಚಿಗೆ ಬಂದು ನಿಂತಳು. ಮೊದಲ ಸಲ ಅವಳನ್ನು ನೋಡದೆಯೇ ದಾಟಿಹೋದ. ಎರಡನೆಯ ಸಲವೂ ಹಾಗೇ. ಮತ್ತೆ ಬಂದಾಗ ವೇಗ ತಗ್ಗಿಸದೆ ಕೇಳಿದ:

"ಯಾಕೆ ಬಂದೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಆಚೆ ದಡದಲ್ಲಿದ್ದ. ತಿರುಗಿ ಬಂದಾಗ ಅವಳು ಕೂಗಿದಳು, "ನಡ್ಕೊಂಡು ಬಂದೆ!"

ಅದು ಉತ್ತರವಲ್ಲವೆಂದು ಅವಳಿಗೇ ಗೊತ್ತಾಯಿತು. ಮುಂದಿನ ಸುತ್ತಿನಲ್ಲಿ ಅವನು, "ಅಪ್ಪಂಗೆ ಗೊತ್ತಾ?" ಎಂದ.

"ಗೊತ್ತು!"

"ಸುತ್ತಿಗೆ ಐವತ್ತು ಸೆಂಟಂತೆ. ದಿವಾಳಿ ಏಳ್ತೀಯ."

"ಏಳ್ತೀನಿ. ನೀನು ಸುತ್ತು."

ಆಮೇಲೆ ಎಷ್ಟೋ ಸುತ್ತು ದಾಟಿದ. ಸ್ಕೇಟಿನ ಅಲಗು ಐಸನ್ನು ಕೊರೆಯುವ ಸದ್ದು ಮಾತ್ರ. ಬಿಸಿಲು ಬಂದಂತಾಗಿ ಮುಚ್ಚಿಕೊಂಡಿತು. ಅವಳ ಕಾಲುಬೆರಳಿಗೆ ಸ್ಪರ್ಶ ಹೋಗಿತ್ತು. ಇಸಾಕ್ ಬಂದು, "ಬೆಂಕಿ ಹತ್ರ ಬಾರಮ್ಮ" ಎಂದು ಕರೆದ, ಅವಳು ಅಲ್ಲಾಡಲಿಲ್ಲ. ಆಗ ರೂಬೆನ್ ದಾಟುತ್ತ, ಅವಳ ಮುಖವನ್ನೇ ನೋಡಿ ಕೇಳಿದ:

"ಅವತ್ತು ನೀನ್ಯಾಕೆ ಏನೂ ಅನ್ಲಿಲ್ಲ?"

ಅವನು ಹೊಂಡ ಸುತ್ತಿ ಬರುವಷ್ಟು ಹೊತ್ತು ಅವಳಿಗಿತ್ತು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಅವನು ಹತ್ತಿರ ಬಂದಾಗ, "ಹೆದರಿದ್ದೆ," ಎಂದಳು.

ಇನ್ನೊಂದು ಸುತ್ತು. "ಯಾರಿಗೆ?"

"ನಿಮ್ಮಪ್ಪಂಗೆ. ಚರ್ಚಿಗೆ. ಎಲ್ಲರಿಗೂ." ಅವನು ದೂರವಾಗುತ್ತಿದ್ದ. ಅವಳು ಗಂಟಲು ಹರಿಯುವಂತೆ ಕೂಗಿದಳು, "ನಿನಗೂ ಹೆದರಿದ್ದೆ ರೂಬೆನ್! ನೀನು ಯಾರು ಅಂತ ನನಗೇ ಗೊತ್ತಿಲ್ವಲ್ಲ ಅಂತ ಹೆದರಿದ್ದೆ!"

ಬೆಂಕಿಯ ಬಳಿ ಇದ್ದವರೆಲ್ಲ ತಿರುಗಿ ನೋಡಿದರು. ರೂಬೆನ್ ಆಚೆ ದಡದಲ್ಲಿ ತಡವರಿಸಿ ಬಿದ್ದ. ಏಳಲು ಹೋಗಿ, ಗಾಯದ ಕೈ ಊರಿ, ಮತ್ತೆ ಬಿದ್ದ. ನೆಟ್ಟಿ ಅಂಗಡಿಯ ರಬ್ಬರು ಬೂಟಿನಲ್ಲೇ ಐಸಿನ ಮೇಲೆ ಓಡಿದಳು, ಜಾರಿದಳು, ಮಂಡಿಯ ಮೇಲೆ ತೆವಳುತ್ತ ಅವನ ಬಳಿ ಸೇರಿದಳು. ಗವಸಿನ ಅಂಚಿನಲ್ಲಿ ರಕ್ತ ಜಿನುಗುತ್ತಿತ್ತು.

"ಸಾಕು ಮಗಾ. ಸಾಕು ಬಿಡು."

"ಸಾಕಾಗಲ್ಲಮ್ಮ. ಯಾರೂ ಬಂದಿಲ್ಲ ನೋಡು. ಒಂದು ಹಾಸಿಗೆಗೂ ಸಾಕಾಗಲ್ಲ. ನನ್ನ ಹಿಂದೆ ಇನ್ನೊಬ್ಬ ಇದ್ದಾನೆ, ಒಂಬತ್ತನೇ ಕ್ಲಾಸು, ಅವರ ಮನೇಲಿ ಇನ್ನೂ ಗೊತ್ತಿಲ್ಲ..." ಅವನು ಬಿಕ್ಕಿ ಬಿಕ್ಕಿ ಅಳತೊಡಗಿದ. ಮನೆ ಬಿಟ್ಟಾಗಲೂ ಆಸ್ಪತ್ರೆಯಲ್ಲೂ ಅಳದಿದ್ದವನು. ನೆಟ್ಟಿ ಅವನನ್ನು ಮುಟ್ಟಲು ಕೈ ಚಾಚಿದಳು. ಅವನು ಹಿಂದೆ ಸರಿಯಲಿಲ್ಲ, ಹತ್ತಿರವೂ ಬರಲಿಲ್ಲ. ಅವಳು ಅವನ ತೋಳು ಹಿಡಿದು ಎಬ್ಬಿಸಿದಳು. ಅವನು ಮತ್ತೆ ಸುತ್ತಲು ಹೊರಟ. ಬೇಡವೆಂದರೆ ಕೇಳುವವನಲ್ಲ. ಅವಳು ಮೊಣಕೈ ಹಿಡಿದುಕೊಂಡು ಪಕ್ಕದಲ್ಲಿ ನಡೆದಳು. ಅವನು ಅವಳ ನಡಿಗೆಗೆ ತಕ್ಕಂತೆ ಜಾರಿದ. ಕತ್ತಲಾಗಲು ಬಂದರೂ ಇಬ್ಬರೂ ಹಾಗೇ ಸುತ್ತುತ್ತಿದ್ದರು. ಡಾರ್ಸಿ ಸುತ್ತಿನ ಲೆಕ್ಕ ಇಡುವುದನ್ನು ಬಿಟ್ಟಿದ್ದಳು.

ಕೂಡಿದ ದುಡ್ಡು ಒಂದು ಹಾಸಿಗೆಗೆ ಬೇಸಿಗೆ ಮುಗಿಯುವವರೆಗೆ ಸಾಕಾಯಿತು, ಅದಕ್ಕೂ ಸಿಟಿಯ ಹೆಂಗಸು ಎಲ್ಲಿಂದಲೋ ಕೊರತೆ ತುಂಬಿಸಬೇಕಾಯಿತು. ಖಾಯಂ ಹಾಸಿಗೆ ಎಂಬ ಮಾತು ಮಾತಾಗಿಯೇ ಉಳಿಯಿತು. ಒಂಬತ್ತನೇ ಕ್ಲಾಸಿನ ಹುಡುಗನ ಮನೆಯಲ್ಲಿ ಏಪ್ರಿಲಿನಲ್ಲಿ ಗೊತ್ತಾಯಿತು. ಆ ಹಾಸಿಗೆಗೆ ಹೋದವನು ಅವನು. ರೂಬೆನ್ ತಾನೇ ಬಿಟ್ಟುಕೊಟ್ಟು, ಶಾಲೆ ಮುಗಿಯುವವರೆಗೆ ಇಸಾಕನ ದನಗಳ ಜೊತೆ ಉಳಿದು, ಆಮೇಲೆ ವಿನಿಪೆಗ್ಗಿಗೆ ಹೋಗಿ ಬೇಕರಿಯೊಂದರಲ್ಲಿ ಕೆಲಸಕ್ಕೆ ಸೇರಿದ.

ಚರ್ಚಿನ ಹಿರಿಯರು ನೆಟ್ಟಿಯ ಮನೆಗೆ ಬಂದರು. ಕೆಟ್ಟ ಮಾತಾಡಲಿಲ್ಲ, ಕಾಫಿ ಕುಡಿದರು, ಸಭೆಯ ಮುಂದೆ ನಿಂತು ತಪ್ಪಾಯಿತೆಂದು ಒಂದು ಮಾತು ಹೇಳಿದರೆ ಸಾಕೆಂದರು. ನೆಟ್ಟಿ ಹೇಳುವುದಿಲ್ಲವೆಂದಳು. ಅಂಗಡಿಯಲ್ಲಿ ಜನ ಅವಳ ಕೈಯಿಂದ ಕೊಳ್ಳುವುದನ್ನು ಬಿಟ್ಟರು; ಯಜಮಾನ ಅವಳನ್ನು ಹಿಂದುಗಡೆ ಪಾತ್ರೆ ತೊಳೆಯಲು ಹಾಕಿದ. ಕೊರ್ನಿ ಮಾತು ಬಿಟ್ಟ. ಒಂದೇ ಮೇಜಿನಲ್ಲಿ ಊಟ, ಒಂದೇ ಮಂಚದಲ್ಲಿ ನಿದ್ದೆ. ಶರತ್ಕಾಲದಲ್ಲಿ ಅವಳು ಎರಡು ಪೆಟ್ಟಿಗೆ ಕಟ್ಟಿಕೊಂಡು ಸಿಟಿಗೆ ಬಂದು ಒಂದು ಕೋಣೆ ಹಿಡಿದಳು. ಬಾಗಿಲಲ್ಲಿ ನಿಂತಿದ್ದ ಕೊರ್ನಿಗೆ, "ನಿನ್ನನ್ನ ಬಿಟ್ಟು ಹೋಗ್ತಿಲ್ಲ, ಅವನ ಹತ್ರ ಹೋಗ್ತಿದ್ದೀನಿ," ಎಂದಳು. ಎರಡೂ ಒಂದೇ ಅಲ್ಲವೇ ಎಂಬಂತೆ ಅವನು ನೋಡಿದ.

ರೂಬೆನ್ ಕೆಲವು ಭಾನುವಾರ ಬರುತ್ತಾನೆ, ಕೆಲವು ಭಾನುವಾರ ಬರುವುದಿಲ್ಲ. ಬಂದರೆ ಉಣ್ಣುತ್ತಾನೆ, ಪಾತ್ರೆ ತೊಳೆದಿಡುತ್ತಾನೆ. ಕೆಲವೊಮ್ಮೆ ಕಣ್ಣು ಎಲ್ಲೋ ಹೋಗಿಬಿಡುತ್ತದೆ. ಆಗ ನೆಟ್ಟಿಗೆ ಆ ಮಡಚಿಟ್ಟ ಕೋಟು ನೆನಪಾಗುತ್ತದೆ. ಅವನು ಬಾರದ ವಾರ ಫೋನು ಮಾಡಿ, ಉಸಿರಿನ ಸದ್ದು ಕೇಳಿಯೇ ಇಡುತ್ತಾಳೆ. ಹೋದ ಚಳಿಗಾಲದ ಒಂದು ಭಾನುವಾರ ಇಬ್ಬರೂ ಊಟಕ್ಕೆ ಕೂತಿದ್ದಾಗ ಫೋನು ಬಂತು. ಕೊರ್ನಿ. ಹೊರಟು ಬಂದಮೇಲೆ ಅವನ ದನಿ ಕೇಳಿದ್ದು ಅದೇ ಮೊದಲು.

"ಅವನು ಇದ್ದಾನಾ ಅಲ್ಲಿ?" ಎಂದ.

ನೆಟ್ಟಿ ಫೋನನ್ನು ಮಗನ ಕಡೆ ಹಿಡಿದಳು. ರೂಬೆನ್ ಅದನ್ನು ನೋಡಿ, ಬೇಡವೆಂದು ತಲೆಯಾಡಿಸಿ, ತಟ್ಟೆ ಎತ್ತಿಕೊಂಡು ಒಳಗೆ ಹೋದ.

"ಇದ್ದಾನೆ. ಇವತ್ತು ಮಾತಾಡಲ್ಲ ಅವನು," ಎಂದಳು ನೆಟ್ಟಿ. "ಮುಂದಿನ ವಾರ ಮಾಡಿ ನೋಡು."

ಮುಂದಿನ ವಾರ ಫೋನು ಬರಲಿಲ್ಲ. ಅದರ ಮುಂದಿನ ವಾರ ಬಂತು.